ಕರಾವಳಿಯ ತೇವದಲ್ಲಿ ಉಗುರು ಬಣ್ಣ: ಮನೆಯಲ್ಲೇ ಕಲಿಯುವ ಬಗೆ

ಉಗುರಿನ ಆರೈಕೆ ಹೇಗೆ ಎಂದು ಫೋನಿನಲ್ಲಿ ಹುಡುಕಿ ನೋಡಿ. ಎಷ್ಟೋ ವಿಡಿಯೊಗಳು ಒಂದೇ ಮಾತಿನಿಂದ ಶುರುವಾಗುತ್ತವೆ: ಬೆಚ್ಚಗಿನ ನೀರಿನ ಬಟ್ಟಲಲ್ಲಿ ಬೆರಳು ನೆನೆಸಿಡಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯವರು ಈ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ಪಾತ್ರೆ ತೊಳೆದು, ಮೀನು ತೊಳೆದು, ಬಟ್ಟೆ ಒಗೆದು ನಮ್ಮ ಉಗುರು ದಿನವಿಡೀ ನೆನೆದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೂ ಒದ್ದೆ. ಅದರ ಮೇಲೆ ಇನ್ನಷ್ಟು ನೆನೆಸುವುದು ಯಾಕೆ?

ಉಗುರು ನೋಡಲು ಗಟ್ಟಿ, ಆದರೆ ನೀರು ಕುಡಿಯುತ್ತದೆ. ಕುಡಿದಾಗ ಸ್ವಲ್ಪ ಉಬ್ಬಿ ಮೆತ್ತಗಾಗುತ್ತದೆ, ಆರಿದಾಗ ಮತ್ತೆ ಕುಗ್ಗುತ್ತದೆ. ಉಬ್ಬಿದ ಉಗುರಿಗೆ ಬಣ್ಣ ಹಚ್ಚಿದರೆ, ಅದು ಕುಗ್ಗುವಾಗ ಮೇಲಿನ ಬಣ್ಣ ಅಲ್ಲೇ ನಿಲ್ಲುತ್ತದೆ. ಹಿಡಿತ ತಪ್ಪುತ್ತದೆ. ಎರಡನೇ ದಿನಕ್ಕೆ ತುದಿಯಿಂದ ಚಕ್ಕೆ ಏಳುತ್ತದೆ. ನಾವು ಬಾಟಲಿಯನ್ನು ಬೈಯುತ್ತೇವೆ. ಹೀಗೆ ದಿನಕ್ಕೆ ಹತ್ತಾರು ಸಲ ನೆನೆದು ಒಣಗಿ ಆದರೆ ಉಗುರಿನ ತುದಿ ಪದರ ಪದರವಾಗಿ ಸೀಳುವುದೂ ಉಂಟು. ಹಾಗಾಗಿ ನನ್ನ ಪ್ರಕಾರ ನಮ್ಮ ಕಡೆ ಉಗುರಿನ ಆರೈಕೆ ಎಂದರೆ ಮುಕ್ಕಾಲು ಪಾಲು ನೀರಿನ ಲೆಕ್ಕಾಚಾರ. ಯಾವಾಗ ತೊಯ್ಯಬಹುದು, ಯಾವಾಗ ಒಣಗಿರಲೇಬೇಕು ಎಂಬುದು ಗೊತ್ತಾದರೆ ಬಣ್ಣ ಹಚ್ಚುವುದು ಕಷ್ಟದ ಕೆಲಸವಲ್ಲ.

ಮೊದಲು ಉಗುರನ್ನು ನೋಡಿ

ಕಿಟಕಿಯ ಹತ್ತಿರ ಕೂತು ಹೆಬ್ಬೆರಳನ್ನು ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಬಿಳಿಯ ಅರ್ಧ ಚಂದ್ರ ಕಾಣುತ್ತದೆ. ಉಗುರು ಹುಟ್ಟುವ ಜಾಗದ ತುದಿ ಅದು. ಉಳಿದ ಭಾಗ ಚರ್ಮದ ಒಳಗಿದೆ. ಉಗುರಿನ ಬುಡದ ಮೇಲೆ ತೆಳುವಾಗಿ ಹಬ್ಬಿದ ಚರ್ಮವೇ ಕ್ಯುಟಿಕಲ್. ಉಗುರಿಗೂ ಬೆರಳಿಗೂ ನಡುವಿನ ಸಂದಿಯನ್ನು ಅದು ಮುಚ್ಚಿಡುತ್ತದೆ. ನೀರು, ಮೀನಿನ ರಸ, ಕೊಳೆ ಒಳಗೆ ಹೋಗದ ಹಾಗೆ ತಡೆಯುವುದು ಇದೇ. ಪಾರ್ಲರಿನಲ್ಲಿ ಇದನ್ನು ಕತ್ತರಿಸಿ ತೆಗೆಯುವ ರೂಢಿ ಇದೆ. ನೋಡಲು ಚೆನ್ನಾಗಿರುತ್ತದೆ ನಿಜ. ಆದರೆ ದಿನವಿಡೀ ನೀರಿನಲ್ಲಿ ಕೈಯಾಡಿಸುವವರು ಅದನ್ನು ಕತ್ತರಿಸಿಕೊಂಡರೆ ಉಗುರುಸುತ್ತಿಗೆ ಬಾಗಿಲು ತೆಗೆದಿಟ್ಟ ಹಾಗೆಯೇ.

ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ 6 ತಿಂಗಳು ಬೇಕು. ಚೌತಿ ಹಬ್ಬದ ಹೊತ್ತಿಗೆ ಹಾಳಾದ ಉಗುರು ಶಿವರಾತ್ರಿ ಹೊತ್ತಿಗೆ ಹೊಸದಾಗಿರುತ್ತದೆ. ಕಾಲಿನ ಹೆಬ್ಬೆರಳಿಗೆ ಒಂದು ವರ್ಷ, ಒಂದೂವರೆ ವರ್ಷವೂ ಆದೀತು. ಮದರಂಗಿ ಹಚ್ಚಿಕೊಳ್ಳುವವರಿಗೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಅಂಗೈಯ ಕೆಂಪು ವಾರ ಎರಡು ವಾರದಲ್ಲಿ ಮಾಸಿದರೂ ಉಗುರಿನದು ಹಾಗೇ ಇರುತ್ತದೆ. ಬುಡದಲ್ಲಿ ಬಿಳಿ ಪಟ್ಟಿ ಮೂಡಿ, ಕೆಂಪು ಮೆಲ್ಲಗೆ ತುದಿಯತ್ತ ಸರಿಯುತ್ತದೆ. ಎಲ್ಲ ಬೆರಳಲ್ಲೂ ಒಂದೇ ವೇಗವಿಲ್ಲ ನೋಡಿ. ನಡುಬೆರಳಿನ ಉಗುರು ಉಳಿದವಕ್ಕಿಂತ ಮುಂದಿರುತ್ತದೆ.

ವಾರದಲ್ಲಿ ಉಗುರು ಹೊಳೆಯುವಂತೆ ಮಾಡುತ್ತೇವೆ ಎನ್ನುವ ಎಣ್ಣೆ, ಸೀರಮ್‌ಗಳಿಗೆ ದುಡ್ಡು ಸುರಿಯಬೇಡಿ ಎನ್ನುವುದಕ್ಕೂ ಇದೇ ಕಾರಣ. ಬೆಳೆದು ಹೊರಬಂದ ಉಗುರಿಗೆ ಜೀವವಿಲ್ಲ. ಅದನ್ನು ಕಾಪಾಡಬಹುದು ಅಷ್ಟೇ.

ನಮ್ಮ ಕೆಲಸ, ನಮ್ಮ ಕಲೆ

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆ ಅಡಿಕೆ ಸುಲಿಯುವ ಕಾಲ ಬಂದರೆ ಉಗುರಿನ ಸಂದಿಯೆಲ್ಲ ಕಪ್ಪು. ಹಸಿ ಅಡಿಕೆಯ ರಸ ಚರ್ಮಕ್ಕೂ ಉಗುರಿಗೂ ಹಿಡಿದರೆ ಬೇಗ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಲಸಿನ ಮೇಣ. ಆಮೇಲೆ ಮುರುಗಲು ಹಣ್ಣಿನ ಕೆಂಪು. ಬಾಳೆಕಾಯಿ, ಬಾಳೆಹೂವು ಹೆಚ್ಚಿದ ದಿನ ಬೆರಳ ತುದಿ ಕಂದು. ಅರಿಶಿನವಂತೂ ವರ್ಷಪೂರ್ತಿ. ಕರಾವಳಿಯಲ್ಲಿ ಇದರ ಜೊತೆ ಬಂಗಡೆಯ ಮುಳ್ಳು, ಚಿಪ್ಪಿಕಲ್ಲಿನ ಚೂಪು ಅಂಚು.

ಈ ಕಲೆಗಳನ್ನು ಚಾಕುವಿನ ತುದಿಯಿಂದ, ಪಿನ್ನಿನಿಂದ ಕೆರೆದು ತೆಗೆಯುವ ಚಾಳಿ ತುಂಬಾ ಜನಕ್ಕಿದೆ. ಅದೊಂದನ್ನು ಬಿಡಿ. ಉಗುರಿನ ಅಡಿ ಕೆರೆದರೆ ಉಗುರು ಚರ್ಮದಿಂದ ಮೇಲೇಳುತ್ತದೆ. ಆ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರು ಬಣ್ಣಕ್ಕೆ ತಿರುಗುವುದೂ ಇದೆ. ಹಳೆಯ ಮೆದು ಟೂತ್‌ಬ್ರಷ್ಷಿಗೆ ಸಾಬೂನು ಹಚ್ಚಿ ಉಗುರಿನ ಅಡಿ ಉಜ್ಜಿ. ಸಾಕು. ಉಳಿದದ್ದು ತಾನಾಗಿ ಹೋಗುತ್ತದೆ.

ಇನ್ನೂ ಒಳ್ಳೆಯದು ಕೆಲಸಕ್ಕೆ ಮೊದಲೇ ಎಣ್ಣೆ ಹಚ್ಚಿಕೊಳ್ಳುವುದು. ಹಲಸಿನಕಾಯಿ ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು ಅಲ್ವಾ? ಅದನ್ನೇ ಉಗುರಿನ ಸುತ್ತಲೂ, ತುದಿಯ ಅಡಿಗೂ ಹಚ್ಚಿ. ಅಡಿಕೆಗೂ ಮುರುಗಲಿಗೂ ಇದೇ ಉಪಾಯ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರು ಮಾತ್ರ ಅಂಗೈಗೆ ಎಣ್ಣೆ ತಾಗಿಸಬೇಡಿ. ಕೈ ಜಾರಿದರೆ ಕತ್ತಿ ಬೆರಳಿಗೇ ಬರುತ್ತದೆ. ಲಿಂಬೆ ಹೋಳು ಉಜ್ಜಿದರೆ ಕಲೆ ಸ್ವಲ್ಪ ತಿಳಿಯಾಗುತ್ತದೆ ನಿಜ. ದಿನಾ ಉಜ್ಜಿದರೆ ಹುಳಿ ಉಗುರನ್ನು ಒಣಗಿಸುತ್ತದೆ. ಸುಟ್ಟ ಗೇರುಬೀಜ ಒಡೆಯುವವರು ಮಾತ್ರ ಗ್ಲವ್ಸ್ ಬಿಟ್ಟು ಕೂರಬೇಡಿ. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ.

ಪಾತ್ರೆಗೂ ಗ್ಲವ್ಸ್ ಒಳ್ಳೆಯದೇ. ಆದರೆ ನಮ್ಮ ಸೆಖೆಗೆ ರಬ್ಬರ್ ಗ್ಲವ್ಸಿನ ಒಳಗೆ ಕೈ ಬೆವರಿ ತೊಯ್ದುಹೋಗುತ್ತದೆ. ಒಳಗೊಂದು ತೆಳು ಹತ್ತಿ ಗ್ಲವ್ಸ್ ಹಾಕಿಕೊಳ್ಳಿ. ಅದು ಆಗದು ಎನ್ನುವವರು ಇಷ್ಟಾದರೂ ಮಾಡಿ: ಒಂದು ಪಾತ್ರೆ, ಎರಡು ಪಾತ್ರೆ ಎಂದು ದಿನಕ್ಕೆ ಇಪ್ಪತ್ತು ಸಲ ನೀರಿಗೆ ಕೈ ಹಾಕುವ ಬದಲು ಒಟ್ಟಿಗೆ ತೊಳೆದು ಮುಗಿಸಿ. ಆಮೇಲೆ ಬೆರಳ ಸಂದಿ, ಉಗುರಿನ ಪಕ್ಕ ಎಲ್ಲ ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ. ರಾತ್ರಿ ಮಲಗುವ ಮುಂಚೆ ಪ್ರತಿ ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ. ಪೇಟೆಯ ದುಬಾರಿ ಕ್ಯುಟಿಕಲ್ ಆಯಿಲ್ ಇಲ್ಲದಿದ್ದರೂ ನಡೆಯುತ್ತದೆ.

ಕತ್ತರಿಸುವುದು, ತಿಕ್ಕುವುದು

ದೀಪ ಹಚ್ಚಿದ ಮೇಲೆ ಉಗುರು ತೆಗೆಯಬೇಡ ಎಂದು ಮನೆಯ ಹಿರಿಯರು ಹೇಳುತ್ತಾರೆ. ಮಂಗಳವಾರ ಬೇಡ, ಶುಕ್ರವಾರ ಬೇಡ ಎನ್ನುವವರೂ ಇದ್ದಾರೆ. ವಾರದ ವಿಷಯ ನಿಮ್ಮ ನಿಮ್ಮ ಮನೆಗೆ ಬಿಟ್ಟದ್ದು. ಹಗಲು ಬೆಳಕಿನಲ್ಲಿ ತೆಗೆಯಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಮಂದ ಬೆಳಕಿನಲ್ಲಿ ನೇಲ್ ಕಟರ್ ಒಳಚರ್ಮಕ್ಕೆ ತಾಗಿದರೆ ವಾರಗಟ್ಟಲೆ ಉರಿ.

ನೇಲ್ ಕಟರನ್ನು ನಡುವಿಗೆ ಹಾಕಿ ಒಂದೇ ಸಲ ಒತ್ತಬೇಡಿ. ಉಗುರು ಚಪ್ಪಟೆಯಾಗಿ ಸೀಳುತ್ತದೆ. ಒಂದು ಬದಿಯಿಂದ ಶುರುಮಾಡಿ ಸಣ್ಣ ಸಣ್ಣದಾಗಿ ಕಚ್ಚುತ್ತಾ ಬನ್ನಿ. ಕಾಲಿನ ಉಗುರು ದಪ್ಪ. ಸ್ನಾನವಾದ ತಕ್ಷಣ ಮೆದುವಾಗಿರುವಾಗ ತೆಗೆಯಿರಿ. ಅದನ್ನು ನೇರವಾಗಿ ಅಡ್ಡಕ್ಕೆ ಕತ್ತರಿಸಬೇಕು. ಮೂಲೆ ಚೆನ್ನಾಗಿ ಕಾಣಲಿ ಎಂದು ಒಳಗೆ ಕೊರೆದರೆ ಬೆಳೆಯುವಾಗ ಆ ಮೂಲೆ ಮಾಂಸಕ್ಕೇ ಚುಚ್ಚಿಕೊಳ್ಳುತ್ತದೆ.

ಅಂಚು ತಿಕ್ಕಿ ನಯ ಮಾಡಲು ಫೈಲ್ ಹಾಕುವುದು ಮಾತ್ರ ಉಗುರು ಪೂರ್ತಿ ಒಣಗಿದ ಮೇಲೆ. ಒದ್ದೆ ಉಗುರಿಗೆ ಫೈಲ್ ಹಾಕಿದರೆ ಅಂಚು ಹರಿದು ನಾರು ನಾರಾಗುತ್ತದೆ. ಕಟರಿನ ಜೊತೆ ಬರುವ ಲೋಹದ ಫೈಲ್ ತುಂಬಾ ಒರಟು. ಅಂಗಡಿಯಲ್ಲಿ ಮರಳು ಕಾಗದದಂಥ ಫೈಲ್ ಸಿಗುತ್ತದೆ. 180 ಅಥವಾ 240 ಎಂದು ಬರೆದದ್ದನ್ನು ಕೇಳಿ. ಅಂಕಿ ಜಾಸ್ತಿಯಾದಷ್ಟೂ ನಯ. ಬದಿಯಿಂದ ನಡುವಿಗೆ, ಒಂದೇ ದಿಕ್ಕಿಗೆ ಎಳೆಯಿರಿ. ಗರಗಸ ಎಳೆದ ಹಾಗೆ ಹಿಂದೆ ಮುಂದೆ ಬೇಡ.

ಎಷ್ಟು ಉದ್ದ ಬಿಡಬೇಕು? ಹಿಟ್ಟು ಕಲೆಸುವ, ಕಾಯಿ ತುರಿಯುವ, ಮೀನು ಕೊಯ್ಯುವ ಕೈಗೆ ಬೆರಳ ತುದಿಯಿಂದ ಒಂದೆರಡು ಮಿಲಿಮೀಟರ್ ಸಾಕು. ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ. ಚೂಪು ಮಾಡಿದ ಉದ್ದ ಉಗುರು ಫೋಟೋದಲ್ಲಿ ಚಂದ. ಆದರೆ ಒಂದು ವಾರ ಅಡುಗೆಮನೆಯಲ್ಲಿ ಬಾಳುವುದಿಲ್ಲ.

ಕ್ಯುಟಿಕಲ್ ಉಗುರಿನ ಮೇಲೆ ಜಾಸ್ತಿ ಹಬ್ಬಿ ಬಂದಿದ್ದರೆ ಸ್ನಾನದ ನಂತರ ಟವೆಲಿನ ತುದಿಯಿಂದ ಮೆಲ್ಲಗೆ ಹಿಂದಕ್ಕೆ ಒತ್ತಿ. ಉಗುರಿನ ಪಕ್ಕ ಎದ್ದ ಚರ್ಮದ ಸಿಬರನ್ನು ಹಲ್ಲಿನಿಂದ ಎಳೆಯಬೇಡಿ. ಎಳೆದಷ್ಟೂ ಒಳಗೆ ಹರಿಯುತ್ತದೆ. ಕಟರಿನಿಂದ ಬುಡದ ತನಕ ಕತ್ತರಿಸಿ. ಹೊಳಪು ಕೊಡುವ ಬಫರ್ ಇದ್ದರೆ ತಿಂಗಳಿಗೊಮ್ಮೆ ಹಗುರವಾಗಿ ಸಾಕು. ತಿಕ್ಕಿ ತಿಕ್ಕಿ ಹೊಳಪು ಬರುವುದು ಉಗುರು ತೆಳ್ಳಗಾಗಿ.

ಏನೇನು ಕೊಳ್ಳಬೇಕು

ಬಣ್ಣದ ಅಡಿಗೆ ಹಚ್ಚುವ ಬೇಸ್ ಕೋಟ್ ಒಂದು, ಬಣ್ಣ ಒಂದು, ಬಣ್ಣದ ಮೇಲೆ ಹಚ್ಚುವ ಟಾಪ್ ಕೋಟ್ ಒಂದು, ಬಣ್ಣ ತೆಗೆಯುವ ರಿಮೂವರ್, ಹತ್ತಿ. ಬಣ್ಣಕ್ಕಿಂತ ಮೊದಲು ಬೇಸ್ ಕೋಟಿಗೆ ದುಡ್ಡು ಹಾಕಿ. ಅದಿಲ್ಲದೆ ಕಡು ಕೆಂಪು ಹಚ್ಚಿದರೆ ಉಗುರು ಹಳದಿಯಾಗುತ್ತದೆ. ಆ ಹಳದಿ ತೊಳೆದರೆ ಹೋಗುವುದು ಕಷ್ಟ. ಬೆಳೆದೇ ಹೋಗಬೇಕು.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಬಳೆ, ಸರದ ಅಂಗಡಿಗಳ ಸಾಲಿನಲ್ಲಿ ಬಣ್ಣದ ಬಾಟಲಿಗಳೂ ಗುಡ್ಡೆ ಬಿದ್ದಿರುತ್ತವೆ. ಬಳೆ ಧಾರಾಳ ಕೊಳ್ಳಿ. ಬಾಟಲಿ ಕೊಳ್ಳುವಾಗ ಮಾತ್ರ ತಿರುಗಿಸಿ ನೋಡಿ. ತಯಾರಿಸಿದವರ ಹೆಸರು, ಬ್ಯಾಚ್ ನಂಬರ್, ದಿನಾಂಕ, ಒಳಗೇನಿದೆ ಎಂಬ ಪಟ್ಟಿ ಇಲ್ಲದಿದ್ದರೆ ಬಿಟ್ಟುಬಿಡಿ. ಪಟ್ಟಿಯಲ್ಲಿ ಟಾಲ್ವೀನ್, ಫಾರ್ಮಾಲ್ಡಿಹೈಡ್, ಡೈಬ್ಯುಟೈಲ್ ಥ್ಯಾಲೇಟ್ ಎಂಬ ಮೂರು ಹೆಸರು ಇರಬಾರದು. ಬಾಟಲಿಯ ಮೇಲೆ '3 ಫ್ರೀ' ಎಂದು ಬರೆದಿದ್ದರೆ ಈ ಮೂರು ಇಲ್ಲ ಎಂದು ಅರ್ಥ.

ಮುಚ್ಚಳ ತೆಗೆದು ಕುಂಚವನ್ನೂ ನೋಡಿ. ಕೂದಲು ಚೆಲ್ಲಾಪಿಲ್ಲಿಯಾಗಿದ್ದರೆ ಎಷ್ಟು ಒಳ್ಳೆಯ ಬಣ್ಣವಾದರೂ ಗೆರೆ ಗೆರೆ ಬರುತ್ತದೆ.

ಇನ್ನೊಂದು ಎಚ್ಚರ. ನೇಲ್ ಪಾಲಿಶ್ ಎಂದರೆ ಹೆಚ್ಚಿನಂಶ ನೈಟ್ರೋಸೆಲ್ಯುಲೋಸ್, ಅದನ್ನು ಕರಗಿಸುವ ದ್ರಾವಕಗಳು. ರಿಮೂವರಿನಲ್ಲಿರುವುದು ಅಸಿಟೋನ್ ಅಥವಾ ಈಥೈಲ್ ಅಸಿಟೇಟ್. ಎಲ್ಲವೂ ಥಟ್ಟನೆ ಬೆಂಕಿ ಹಿಡಿಯುವಂಥವು. ದೇವರ ಕೋಣೆಯ ದೀಪದ ಎದುರು, ಗ್ಯಾಸ್ ಒಲೆಯ ಪಕ್ಕ, ಸೊಳ್ಳೆಬತ್ತಿ ಹಚ್ಚಿಟ್ಟ ಜಗಲಿಯಲ್ಲಿ ಇವನ್ನು ತೆರೆಯಲೇಬೇಡಿ. ಕಿಟಕಿ ತೆರೆದಿರಲಿ. ವಾಸನೆ ತಲೆಗೆ ಹತ್ತುತ್ತದೆ. ಬಸುರಿಯರು, ಆಸ್ತಮಾ ಇದ್ದವರಿಗೆ ಇದು ಇನ್ನೂ ಮುಖ್ಯ. ಬೆರಳು ಬಾಯಿಗೆ ಹಾಕುವ ಚಿಕ್ಕ ಮಕ್ಕಳಿಗಂತೂ ಹಚ್ಚಲೇಬೇಡಿ, ಎಷ್ಟು ಹಟ ಮಾಡಿದರೂ.

ಹಚ್ಚುವ ಹೊತ್ತು

ಮಧ್ಯಾಹ್ನದ ಊಟದ ಪಾತ್ರೆಯೆಲ್ಲ ಮುಗಿಸಿ ಕನಿಷ್ಠ ಎರಡು ತಾಸು ಕೈಗೆ ನೀರು ತಾಗಿಸದೆ ಇರಿ. ಸ್ನಾನದ ಬೆನ್ನಿಗೇ ಕೂರಬೇಡಿ. ಮಳೆಗಾಲದಲ್ಲಾದರೆ ಹೊಳವು ಕಂಡ ದಿನ ಆರಿಸಿಕೊಳ್ಳಿ. ಜಡಿಮಳೆ ಹಿಡಿದ ದಿನ ಹಚ್ಚಿದರೆ ಬಣ್ಣ ಆರುವುದೂ ನಿಧಾನ, ಕೆಲವೊಮ್ಮೆ ಹೊಳಪು ಮಂಕಾಗಿ ಮೋಡ ಕವಿದ ಹಾಗೆ ಕಾಣುತ್ತದೆ.

ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ. ಫೋನನ್ನು ದೂರ ಇಡಿ. ಶೌಚಾಲಯಕ್ಕೆ ಹೋಗಿ ಬನ್ನಿ, ನೀರು ಕುಡಿದುಬಿಡಿ. ನಗಬೇಡಿ, ಬಣ್ಣ ಹಸಿಯಿರುವಾಗಲೇ ಇವೆಲ್ಲ ನೆನಪಾಗುವುದು.

ಬಾಟಲಿಯನ್ನು ಜೋರಾಗಿ ಕುಲುಕಿದರೆ ಗಾಳಿಗುಳ್ಳೆ ಸೇರುತ್ತದೆ. ಎರಡು ಅಂಗೈ ನಡುವೆ ಇಟ್ಟು ಬತ್ತಿ ಹೊಸೆದ ಹಾಗೆ ಉರುಳಿಸಿ.

ಈಗ ಹತ್ತಿಗೆ ಸ್ವಲ್ಪ ರಿಮೂವರ್ ಹಾಕಿ ಹತ್ತೂ ಉಗುರು ಒರೆಸಿ. ಹಳೆಯ ಬಣ್ಣ ಇಲ್ಲದಿದ್ದರೂ ಒರೆಸಲೇಬೇಕು. ನಿನ್ನೆ ರಾತ್ರಿಯ ಕೊಬ್ಬರಿ ಎಣ್ಣೆಯ ಜಿಡ್ಡು ಅಲ್ಲಿದೆ. ಬಣ್ಣ ಜಿಡ್ಡಿನ ಮೇಲೆ ನಿಲ್ಲುವುದಿಲ್ಲ. ಒರೆಸಿದ ಮೇಲೆ ಉಗುರು ಮುಟ್ಟಿ ನೋಡಬೇಡಿ, ಕೂದಲು ಸರಿ ಮಾಡಿಕೊಳ್ಳಬೇಡಿ.

ಬೇಸ್ ಕೋಟ್ ತೆಳುವಾಗಿ ಒಂದು ಸಲ. ಎರಡು ಮೂರು ನಿಮಿಷ ಬಿಡಿ.

ಬಣ್ಣಕ್ಕೆ ಬನ್ನಿ. ಇಲ್ಲಿ ಅವಸರ ಬೇಡ. ಕುಂಚವನ್ನು ಹೊರಗೆ ಎಳೆಯುವಾಗ ಒಂದು ಮಗ್ಗುಲನ್ನು ಬಾಟಲಿಯ ಕಂಠಕ್ಕೆ ಪೂರ್ತಿ ಒರೆಸಿ. ಇನ್ನೊಂದು ಮಗ್ಗುಲಿನ ತುದಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಹನಿ ಉಳಿಯಬೇಕು. ಹೆಬ್ಬೆರಳಿಗೆ ಅದಕ್ಕಿಂತ ಜಾಸ್ತಿ ಬೇಕು, ಕಿರುಬೆರಳಿಗೆ ಕಡಿಮೆ. ಆ ಹನಿಯನ್ನು ಉಗುರಿನ ನಡುವೆ, ಬುಡದಿಂದ ಸ್ವಲ್ಪ ಮೇಲೆ ಇಳಿಸಿ. ಬುಡಕ್ಕೇ ಇಳಿಸಿದರೆ ಚರ್ಮದ ಮೇಲೆ ಹರಿಯುತ್ತದೆ. ಇಳಿಸಿದ ಹನಿಯನ್ನು ಕುಂಚದಿಂದ ಮೆಲ್ಲಗೆ ಬುಡದ ಕಡೆ ತಳ್ಳಿ. ಕುಂಚದ ಕೂದಲು ಒತ್ತಡಕ್ಕೆ ಬೀಸಣಿಗೆಯ ಹಾಗೆ ಅರಳುತ್ತದೆ. ಚರ್ಮಕ್ಕೂ ಬಣ್ಣಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಉಳಿದಾಗ ನಿಲ್ಲಿಸಿ. ಅಲ್ಲಿಂದ ತುದಿಯವರೆಗೆ ಒಂದೇ ಎಳೆತ. ಮತ್ತೆ ಬುಡದಿಂದ ಎಡಬದಿ ಒಂದು, ಬಲಬದಿ ಒಂದು. ಮೂರೇ ಎಳೆತ. ಎಲ್ಲಾದರೂ ಖಾಲಿ ಉಳಿದರೆ ಉಳಿಯಲಿ. ಎರಡನೇ ಸಲ ಮುಚ್ಚಿಕೊಳ್ಳುತ್ತದೆ. ಅರ್ಧ ಆರಿದ ಬಣ್ಣದ ಮೇಲೆ ಮತ್ತೆ ಮತ್ತೆ ಕುಂಚ ಆಡಿಸಿದರೆ ಅದು ಎದ್ದು ಗಂಟು ಕಟ್ಟುತ್ತದೆ.

ಆ ಕೂದಲೆಳೆ ಜಾಗ ಯಾಕೆ ಎಂದರೆ, ಬಣ್ಣ ಚರ್ಮಕ್ಕೆ ತಾಗಿದಲ್ಲಿ ಉಗುರಿಗೆ ಅಂಟುವುದಿಲ್ಲ. ಚರ್ಮ ಅಲುಗಿದಾಗ ಬಣ್ಣವೂ ಏಳುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ.

ಬಲಗೈ ಬಳಸುವವರಿಗೆ ಎಡಗೈಯಿಂದ ಬಲಗೈಗೆ ಹಚ್ಚುವುದೇ ದೊಡ್ಡ ತಲೆನೋವು. ಕಷ್ಟದ ಕೈಯನ್ನೇ ಮೊದಲು ಮುಗಿಸಿ. ತಾಳ್ಮೆ ಇನ್ನೂ ತಾಜಾ ಇರುತ್ತದೆ. ಎರಡೂ ಮುಂಗೈಯನ್ನು ಮೇಜಿಗೆ ಒತ್ತಿ ಇಡಿ, ಕುಂಚ ಹಿಡಿದ ಕೈಯ ಕಿರುಬೆರಳು ಮೇಜಿಗೆ ಊರಿರಲಿ. ಎಡಗೈ ನಡುಗುತ್ತಿದ್ದರೆ ಕುಂಚವನ್ನು ಅಲುಗಿಸದೆ ಹಿಡಿದು, ಹಚ್ಚಿಸಿಕೊಳ್ಳುವ ಬೆರಳನ್ನೇ ಹಿಂದಕ್ಕೆ ಎಳೆಯಿರಿ. ಮೊದಲ ಕೆಲವು ಸಲ ಚರ್ಮಕ್ಕೆಲ್ಲ ಬಳಿಯುತ್ತದೆ. ಬೆಂಕಿಕಡ್ಡಿಯ ಮದ್ದಿನ ತುದಿ ಮುರಿದು ಎಸೆದು, ಉಳಿದ ಕಡ್ಡಿಗೆ ಹತ್ತಿ ಸುತ್ತಿ ರಿಮೂವರಿನಲ್ಲಿ ಅದ್ದಿ ಸುತ್ತಲೂ ಒರೆಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೇ ಪದರಕ್ಕೆ ಬೇಸಿಗೆಯಲ್ಲಿ ಐದು ನಿಮಿಷ, ಮಳೆಗಾಲದಲ್ಲಿ ಹತ್ತು ಹದಿನೈದು ನಿಮಿಷ ಕಾಯಿರಿ. ಎರಡು ತೆಳು ಪದರ ಒಂದು ದಪ್ಪ ಪದರಕ್ಕಿಂತ ಬೇಗ ಆರುತ್ತದೆ. ದಪ್ಪ ಪದರದ ಮೇಲ್ಮೈ ಆರಿ ಒಳಗೆ ಹಸಿಯೇ ಉಳಿಯುತ್ತದೆ. ಕೊನೆಗೆ ಟಾಪ್ ಕೋಟ್. ಅದನ್ನು ಹಚ್ಚುವಾಗ ಉಗುರಿನ ತುದಿಯ ಅಂಚಿಗೂ ಕುಂಚವನ್ನು ಅಡ್ಡ ಸವರಿ. ಬಹಳ ಜನ ಬಿಡುವ ಕೆಲಸ ಇದು. ಪಾತ್ರೆ ತಿಕ್ಕುವಾಗ ಮೊದಲು ಸವೆಯುವುದು ಆ ಅಂಚು. ಅದು ಮುಚ್ಚಿದ್ದರೆ ಬಣ್ಣ ಇನ್ನೂ ಎರಡು ಮೂರು ದಿನ ಜಾಸ್ತಿ ಬಾಳುತ್ತದೆ.

ಆರಲು ಬಿಡಿ

ಬಣ್ಣದೊಳಗಿನ ದ್ರಾವಕ ಗಾಳಿಗೆ ಹಾರಿಹೋಗುವುದೇ ಆರುವುದು. ಫ್ಯಾನನ್ನು ಫುಲ್ ಇಟ್ಟು ಅದರ ಕೆಳಗೇ ಕೈ ಹಿಡಿದರೆ ಮೇಲೊಂದು ಪೊರೆ ಬೇಗ ಕಟ್ಟುತ್ತದೆ. ಕೆಳಗಿನ ದ್ರಾವಕ ಸಿಕ್ಕಿಬಿದ್ದು ಸಣ್ಣ ಗುಳ್ಳೆ ಏಳುತ್ತದೆ. ಫ್ಯಾನ್ ನಿಧಾನ ಇರಲಿ, ಕೈ ಸ್ವಲ್ಪ ದೂರ ಇರಲಿ. ಬಾಯಿಯಿಂದ ಊದಬೇಡಿ, ಉಸಿರಿನಲ್ಲೂ ತೇವ ಇದೆ. ಐಸ್ ನೀರಿನಲ್ಲಿ ಅದ್ದಿದರೆ ಥಟ್ ಅಂತ ಆರುತ್ತದೆ ಎನ್ನುತ್ತಾರೆ. ತಣ್ಣಗಾಗಿ ಮೇಲೆ ಗಟ್ಟಿ ಅನ್ನಿಸುತ್ತದೆ ಅಷ್ಟೇ.

ಆರಿದೆಯೋ ಇಲ್ಲವೋ ನೋಡಲು ಬೆರಳಿನಿಂದ ಒತ್ತುವವರಿದ್ದಾರೆ. ಒತ್ತಿದ ಬೆರಳಿನ ಗೆರೆ ಅಲ್ಲೇ ಅಚ್ಚಾಗುತ್ತದೆ. ಬಣ್ಣ ಹಚ್ಚಿದ ಎರಡು ಉಗುರನ್ನು ಒಂದಕ್ಕೊಂದು ಹಗುರವಾಗಿ ತಾಗಿಸಿ ನೋಡಿ. ಅಂಟದಿದ್ದರೆ ಮೇಲ್ಮೈ ಆರಿದೆ. ಪೂರ್ತಿ ಗಟ್ಟಿಯಾಗಲು ಇನ್ನೂ ಹಲವು ತಾಸು ಬೇಕು. ರಾತ್ರಿ ಹಚ್ಚಿ ಅರ್ಧ ಗಂಟೆಯಲ್ಲಿ ಮಲಗಿದವರ ಉಗುರಿನ ಮೇಲೆ ಬೆಳಿಗ್ಗೆ ಹೊದಿಕೆಯ ನೇಯ್ಗೆ ಮೂಡಿರುವುದು ಇದೇ ಕಾರಣಕ್ಕೆ. ಅದಕ್ಕೇ ಮಧ್ಯಾಹ್ನ ಎಂದದ್ದು. ಆ ದಿನ ಸಂಜೆಯ ಪಾತ್ರೆಯನ್ನು ಮನೆಯ ಗಂಡಸರಿಗೆ ಒಪ್ಪಿಸಿ. ಬಿಸಿನೀರಿನ ಸ್ನಾನವೂ ಮರುದಿನಕ್ಕೆ ಇರಲಿ.

ಬಸ್ಸಿನಲ್ಲಿ ಹಚ್ಚಿಕೊಳ್ಳುತ್ತೇನೆ ಎನ್ನುವವರಿಗೆ ಒಂದೇ ಮಾತು. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಉಗುರೊಂದು ಬಿಟ್ಟು ಬೇರೆ ಎಲ್ಲದಕ್ಕೂ ಬಣ್ಣ ಹತ್ತುತ್ತದೆ. ಪಕ್ಕದಲ್ಲಿ ಕೂತವರ ಸೀರೆಗೂ.

ಜೆಲ್ ಪಾಲಿಶ್ ಕಿಟ್ಟನ್ನು ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಹಚ್ಚುವವರು ಈಗ ಜಾಸ್ತಿ. ಅದು ಆರುವುದಲ್ಲ, ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುವುದು. ಮಳೆಗಾಲದ ಚಿಂತೆ ಇಲ್ಲ ಎಂಬುದು ನಿಜ. ಆದರೆ ಅದರಲ್ಲಿರುವ ಅಕ್ರಿಲೇಟ್‌ಗಳು ಗಟ್ಟಿಯಾಗುವ ಮೊದಲು ಚರ್ಮಕ್ಕೆ ತಾಗುತ್ತಾ ಹೋದರೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಅದು ಬಿಟ್ಟು ಹೋಗುವಂಥದ್ದಲ್ಲ. ಹಲ್ಲಿಗೆ ತುಂಬುವ ಕೆಲವು ವಸ್ತುಗಳಲ್ಲೂ ಅದೇ ಜಾತಿಯ ರಾಸಾಯನಿಕ ಇದೆ. ಅಂಚಿಗೆ ತಾಗದ ಹಾಗೆ ಹಚ್ಚಲು ಕೈ ಪಳಗುವವರೆಗೆ ಜೆಲ್ ಬೇಡ.

ಚುಕ್ಕೆ, ಗೆರೆ

ವಿನ್ಯಾಸಕ್ಕೆ ವಿಶೇಷ ಸಾಮಾನು ಬೇಕಿಲ್ಲ. ಹೇರ್‌ಪಿನ್ನಿನ ದುಂಡು ತುದಿಯನ್ನು ಬಿಳಿ ಬಣ್ಣಕ್ಕೆ ಅದ್ದಿ ಐದು ಚುಕ್ಕೆ ಇಟ್ಟರೆ ಹೂವಾಯಿತು. ರಂಗೋಲಿ ಚುಕ್ಕೆ ಇಟ್ಟು ಅಭ್ಯಾಸವಿರುವ ಕೈಗೆ ಇದು ಸುಲಭ. ಗೆರೆ ಬೇಕಾದರೆ ಪೂರ್ತಿ ಆರಿದ ಬಣ್ಣದ ಮೇಲೆ ಸೆಲ್ಲೋ ಟೇಪಿನ ಸಣ್ಣ ಪಟ್ಟಿ ಅಂಟಿಸಿ, ಇನ್ನೊಂದು ಬಣ್ಣ ಹಚ್ಚಿ, ಹಸಿ ಇರುವಾಗಲೇ ಟೇಪ್ ಎತ್ತಿ. ಮಿನುಗು ಬಣ್ಣ ಹಚ್ಚುವುದು ಸುಲಭ, ತೆಗೆಯುವುದು ತ್ರಾಸು. ಕಲಿಯುವವರು ತಿಳಿ ಗುಲಾಬಿ ಅಥವಾ ಮಣ್ಣಿನ ಬಣ್ಣದಿಂದ ಶುರುಮಾಡಿ. ಅಂಚು ಸೊಟ್ಟಗಾದರೂ, ತುದಿ ಕಿತ್ತರೂ ದೂರಕ್ಕೆ ಕಾಣುವುದಿಲ್ಲ.

ತೆಗೆಯುವುದೂ ಕೆಲಸವೇ

ಬಣ್ಣ ಚಕ್ಕೆ ಏಳಲು ಶುರುವಾದರೆ ಉಗುರಿನಿಂದ ಕೆರೆದು ಸುಲಿಯುವ ಆಸೆ ಆಗುತ್ತದೆ. ಬಣ್ಣದ ಜೊತೆ ಉಗುರಿನ ಮೇಲ್ಪದರವೂ ಬರುತ್ತದೆ. ರಿಮೂವರಿನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲೆ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಬುಡದಿಂದ ತುದಿಗೆ ಎಳೆಯಿರಿ. ಮಿನುಗು ಬಣ್ಣವಾದರೆ ಹತ್ತಿಯ ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಐದು ನಿಮಿಷ ಬಿಡಿ. ಅಸಿಟೋನ್ ಬೇಗ ತೆಗೆಯುತ್ತದೆ, ಜಾಸ್ತಿ ಒಣಗಿಸುತ್ತದೆ. ಕೈ ತೊಳೆದು ಒರೆಸಿ ಎಣ್ಣೆ ಹಚ್ಚಿ.

ಬಣ್ಣವನ್ನು ವಾರಗಟ್ಟಲೆ ಬಿಟ್ಟು, ತೆಗೆದು, ಅದೇ ದಿನ ಮತ್ತೆ ಹಚ್ಚುತ್ತಾ ಹೋದರೆ ಉಗುರಿನ ಮೇಲೆ ಸುಣ್ಣದ ಪುಡಿಯಂಥ ಬಿಳಿ ಮಚ್ಚೆ ಬೀಳುತ್ತದೆ. ಆಗ ಬರಿಯ ಉಗುರಾಗಿ ಬಿಟ್ಟು ದಿನಾ ಎಣ್ಣೆ ಹಚ್ಚಿ. ಉಗುರಿಗೆ ಉಸಿರಾಡಲು ಬಿಡಬೇಕು ಎನ್ನುವ ಮಾತು ಸರಿಯಲ್ಲ, ಅದು ಉಸಿರಾಡುವುದಿಲ್ಲ. ಒಣಗಿದ್ದು ಸರಿಯಾಗಲು ಸಮಯ ಬೇಕು, ಕೆಳಗೇನಾಗಿದೆ ಎಂದು ಕಣ್ಣಿಗೆ ಕಾಣಬೇಕು, ಅದಕ್ಕೆ ಬಿಡುವುದು.

ಕಾಲಿನ ಉಗುರಿನಲ್ಲಿ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಒದ್ದೆ ಚಪ್ಪಲಿ, ಗದ್ದೆಯ ಕೆಸರು, ಅಂಗಳದ ಪಾಚಿ. ಉಗುರು ದಪ್ಪವಾಗಿ ಹಳದಿ ತಿರುಗಿ ಪುಡಿ ಉದುರುತ್ತಿದ್ದರೆ ಅದು ಹೆಚ್ಚಾಗಿ ಫಂಗಸ್. ಅದನ್ನು ಬಣ್ಣದಿಂದ ಮುಚ್ಚಬೇಡಿ. ಔಷಧ ತಿಂಗಳುಗಟ್ಟಲೆ ಬೇಕಾಗುತ್ತದೆ, ಬೇಗ ತೋರಿಸಿದಷ್ಟೂ ಒಳ್ಳೆಯದು. ಮನೆಗೆ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದಿ ಒರೆಸಿ. ಕಾರವಾರದ ಬೀಚಿನಲ್ಲಿ ಬರಿಗಾಲಲ್ಲಿ ನಡೆದು ಬಂದರೂ ಸಿಹಿನೀರಿನಲ್ಲಿ ತೊಳೆಯಿರಿ. ಮರಳು ಬಣ್ಣವನ್ನು ತಿಕ್ಕುತ್ತದೆ, ಉಪ್ಪು ಚರ್ಮವನ್ನು ಒಣಗಿಸುತ್ತದೆ.

ಡಾಕ್ಟರ ಹತ್ತಿರ ಹೋಗುವುದು ಯಾವಾಗ

ಉಗುರಿನ ಬದಿ ಕೆಂಪಾಗಿ ಊದಿ ಮಿಡಿಯುತ್ತಿದ್ದರೆ ಉಗುರುಸುತ್ತು. ಬೆರಳಿಗೆ ಲಿಂಬೆಹಣ್ಣು ಚುಚ್ಚಿಕೊಂಡು ಕೂರುವ ಪದ್ಧತಿ ಇದೆ. ತಂಪು ಅನ್ನಿಸಬಹುದು. ಒಳಗಿನ ಕೀವು ಅದರಿಂದ ಹೋಗದು. ಶುರುವಿನಲ್ಲಿ ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಅದ್ದಿ ಚೆನ್ನಾಗಿ ಒರೆಸಿ. ಕೀವು ಕಂಡರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದರೆ ಕಾಯಬೇಡಿ. ಸಕ್ಕರೆ ಕಾಯಿಲೆಯವರು ಕಾಲಿನ ಉಗುರಿನ ಮೂಲೆಗೆ ತಾವೇ ಕೈ ಹಾಕುವುದೂ ಬೇಡ.

ಉಗುರು ಚಮಚದ ಹಾಗೆ ಗುಳಿ ಬಿದ್ದರೆ ಕಬ್ಬಿಣಾಂಶ ಕಡಿಮೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಬಿದ್ದರೆ ಕ್ಯಾಲ್ಸಿಯಂ ಮಾತ್ರೆಗೆ ಓಡಬೇಡಿ. ಬುಡಕ್ಕೆ ಎಲ್ಲೋ ಪೆಟ್ಟು ತಾಗಿದ್ದರ ಗುರುತು ಅದು, ಬೆಳೆದು ಹೋಗುತ್ತದೆ. ನಮ್ಮಂಥ ಕಂದು ಮೈಬಣ್ಣದವರ ಉಗುರುಗಳಲ್ಲಿ ಉದ್ದಕ್ಕೆ ಕಪ್ಪು ಗೆರೆ ಇರುವುದು ಸಾಮಾನ್ಯ. ಒಂದೇ ಬೆರಳಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಾ ಹೋದರೆ ಮಾತ್ರ ಚರ್ಮದ ಡಾಕ್ಟರಿಗೆ ತೋರಿಸಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುವುದುಂಟು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೇ ಇದೆ. ಆಪರೇಷನ್ ಇದ್ದರೆ ಹಿಂದಿನ ದಿನವೇ ಬಣ್ಣ ತೆಗೆದು ಹೋಗಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಡು ಬಣ್ಣದ ಉಗುರಿನ ಮೂಲಕ ತಪ್ಪು ಲೆಕ್ಕ ತೋರಿಸಬಹುದು.

ಮದುವೆ ಮನೆಗೆ

ಮದರಂಗಿಯೂ ಬೇಕು, ಬಣ್ಣವೂ ಬೇಕು ಎಂದರೆ ಮೊದಲು ಮದರಂಗಿ. ಉಗುರಿಗೆ ಅದರ ಕೆಂಪು ಹತ್ತುವುದು ಬೇಡವಾದರೆ ಹಿಂದಿನ ದಿನ ಉಗುರಿಗೆ ಮಾತ್ರ ಬಣ್ಣವಿಲ್ಲದ ಪಾಲಿಶ್ ಹಚ್ಚಿಕೊಳ್ಳಿ. ಮದರಂಗಿ ಉದುರಿಸಿದ ಮೇಲೆ ಅದನ್ನು ತೆಗೆದರೆ ಉಗುರು ಮೊದಲಿನ ಹಾಗೇ ಇರುತ್ತದೆ. ಅರ್ಧ ಗಂಟೆಯಲ್ಲಿ ಕಪ್ಪಗಾಗುವ 'ಕಪ್ಪು ಮೆಹಂದಿ' ಕೋನ್ ಕೊಳ್ಳಬೇಡಿ. ಅದರಲ್ಲಿ ತಲೆಗೂದಲಿನ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರಬಹುದು, ಚರ್ಮ ಗುಳ್ಳೆ ಏಳುತ್ತದೆ. ಮದರಂಗಿ ಕೆಂಪೇರಲಿ ಎಂದು ಕೈಗೆ ಎಣ್ಣೆ ಸವರಿರುತ್ತೀರಿ. ಬಣ್ಣಕ್ಕೆ ಮುಂಚೆ ಬರೀ ಉಗುರನ್ನು ರಿಮೂವರಿನಿಂದ ಒರೆಸಿಕೊಳ್ಳುವುದನ್ನು ಮರೆಯಬೇಡಿ.

ಬಣ್ಣವನ್ನು ಮುಹೂರ್ತದ ಹಿಂದಿನ ಮಧ್ಯಾಹ್ನವೇ ಮುಗಿಸಿ. ಅದೇ ಬಣ್ಣದ ಬಾಟಲಿ, ಟಾಪ್ ಕೋಟ್, ಒಂದು ತುಂಡು ಫೈಲ್ ಬ್ಯಾಗಿನಲ್ಲಿರಲಿ. ತುದಿ ಕಿತ್ತರೆ ಇಡೀ ಉಗುರು ತೆಗೆಯುವುದು ಬೇಡ. ಕಿತ್ತ ಅಂಚನ್ನು ಫೈಲಿನಿಂದ ಸವರಿ ಮಟ್ಟ ಮಾಡಿ, ಖಾಲಿ ಜಾಗಕ್ಕೆ ಮಾತ್ರ ಒಂದು ಹನಿ ಬಣ್ಣ ಇಟ್ಟು, ಆರಿದ ಮೇಲೆ ಪೂರ್ತಿ ಉಗುರಿಗೆ ಟಾಪ್ ಕೋಟ್ ಎಳೆಯಿರಿ. ಊಟಕ್ಕೆ ಕೂರುವ ಮುಂಚೆ ಅರ್ಧ ತಾಸು ಕೈಯಲ್ಲಿಟ್ಟುಕೊಂಡು ಈ ಕೆಲಸ ಮಾಡಿ. ಬಿಸಿ ಅನ್ನ ಸಾರಿಗೆ ಹಸಿ ಬಣ್ಣ ತಾಳುವುದಿಲ್ಲ.